ಒತ್ತುಯಂತ್ರದ ಅಡಿಯ ಲೆಕ್ಕ

ಒಂದು ರೂಪಾಯಿಯ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ನಿಧಾನವಾಗಿ ನೋಡುವ ವ್ಯವಧಾನ ಮಹಾನಗರದ ಜೀವನದಲ್ಲಿ ಯಾರಿಗೂ ಇರುವುದಿಲ್ಲ. 2011ರ ಮಾಲಿಕೆಯ ನಾಣ್ಯವಾದರೆ ಅದರ ವ್ಯಾಸ ಸುಮಾರು 22 ಮಿಲಿಮೀಟರು, ತೂಕ 3.79 ಗ್ರಾಂ, ಲೋಹ, ಕ್ರೋಮಿಯಂ ಬೆರೆತ ತುಕ್ಕುಹಿಡಿಯದ ಉಕ್ಕು. ಮುಂಬಯಿಯ ಕೋಟೆ ಪ್ರದೇಶದ ಟಂಕಸಾಲೆಯಲ್ಲಿ ಮುದ್ರಿತವಾಗಿದ್ದರೆ ಇಸವಿಯ ಕೆಳಗೆ ವಜ್ರಾಕೃತಿಯ ಪುಟ್ಟ ಗುರುತು, ಹೈದರಾಬಾದಿನದಾದರೆ ನಕ್ಷತ್ರ, ನೋಯ್ಡಾದ್ದಾದರೆ ಒಂದು ಚುಕ್ಕೆ, ಕಲ್ಕತ್ತದ್ದಾದರೆ ಗುರುತೇ ಇಲ್ಲ. ನಾಲ್ಕು ಊರುಗಳಲ್ಲಿ ನಾಲ್ಕು ಬಗೆಯ ಕೈಗಳು ದುಡಿದು ಹೊರತಂದ ಕೋಟಿಗಟ್ಟಲೆ ಬಿಲ್ಲೆಗಳು ಒಂದೇ ಅಳತೆಗೆ, ಒಂದೇ ತೂಕಕ್ಕೆ ನಿಲ್ಲುವುದರಿಂದಲೇ ಬ್ಯಾಂಕಿನ ಎಣಿಕೆ ಯಂತ್ರವು ಅವುಗಳನ್ನು ತಡೆಯಿಲ್ಲದೆ ಎಣಿಸಬಲ್ಲದು.

ಲೋಹದ ತಗಡನ್ನು ಅಚ್ಚುಗಳ ನಡುವೆ ಇಟ್ಟು ಬಲವಾಗಿ ಒತ್ತುವ ವಿದ್ಯೆಯ ಫಲವಿದು. ನಾಣ್ಯವೊಂದೇ ಅಲ್ಲ, ತಲೆಯ ಮೇಲೆ ತಿರುಗುವ ಪಂಖದ ಒಳಗಿನ ಉಕ್ಕಿನ ಪದರಗಳು, ಗೋಡೆಯ ಸ್ವಿಚ್ಚಿನ ಹಿತ್ತಾಳೆಯ ನಾಲಿಗೆ, ಮೋಟಾರು ಕಾರಿನ ಸೀಟುಪಟ್ಟಿಯ ಕೊಂಡಿ, ಅಡುಗೆಮನೆಯ ಸ್ಟೀಲು ಪಾತ್ರೆ, ಕೈಗಡಿಯಾರದ ಮುಳ್ಳು, ಎಲ್ಲವೂ ಒತ್ತುಯಂತ್ರದ ಕೂಸುಗಳೇ. ಮುಂಬಯಿಯ ಸಾಕಿನಾಕಾ, ಪುಣೆಯ ಭೋಸರಿ, ಚೆನ್ನೈಯ ಅಂಬತ್ತೂರು, ಹೈದರಾಬಾದಿನ ಬಾಲಾನಗರ, ದೆಹಲಿಯ ನೆರೆಯ ಫರೀದಾಬಾದ್ ಮೊದಲಾದೆಡೆ ಇಂಥ ಯಂತ್ರಗಳ ಧಡಧಡ ಸದ್ದು ಹಗಲಿರುಳು ಕೇಳಿಸುತ್ತದೆ. ಇದೇ ಕೆಲಸವನ್ನು ಮಾಡಲು ಹಲವು ವಿಧಾನಗಳಿವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಸಾಮಾನ್ಯವಾಗಿ ಅಳತೆಯ ನಿಖರತೆ ಮತ್ತು ಬಿಲ್ಲೆಗೆ ತಗಲುವ ವೆಚ್ಚ, ಇವೆರಡನ್ನು ನೋಡಿ ನಿರ್ಧರಿಸುತ್ತಾರೆ. ಕೆಲಸಗಾರನ ಕೈ ಎಂಬ ಮೂರನೆಯ ಬಾಬು ಯೋಜನಾ ವರದಿಗಳಲ್ಲಿ ಕಾಣಸಿಗುವುದು ಅಪರೂಪ.

ಪೂರಿಯ ಹಿಟ್ಟು ಮತ್ತು ಉಕ್ಕಿನ ತಗಡು

ಲಟ್ಟಿಸಿದ ಹಿಟ್ಟಿನ ಮೇಲೆ ಡಬ್ಬಿಯ ಮುಚ್ಚಳವನ್ನು ಒತ್ತಿ ಗುಂಡನೆಯ ಪೂರಿಗಳನ್ನು ಕತ್ತರಿಸುವುದನ್ನು ಎಲ್ಲರೂ ಕಂಡಿದ್ದಾರೆ. ತಗಡಿನಿಂದ ಬಿಲ್ಲೆ ಕತ್ತರಿಸುವುದೂ ಇದೇ ರೀತಿಯದು. ಮೇಲಿನಿಂದ ಇಳಿಯುವ ಗಡುಸಾದ ಉಕ್ಕಿನ ಅಚ್ಚಿಗೆ ಪಂಚ್ ಎಂದೂ, ಕೆಳಗೆ ಅದೇ ಆಕಾರದ ರಂಧ್ರವಿರುವ ಅಚ್ಚಿಗೆ ಡೈ ಎಂದೂ ಹೆಸರು. ಆದರೆ ಉಳಿದ ಹಿಟ್ಟನ್ನು ಮತ್ತೆ ಕಲಸಿ ಲಟ್ಟಿಸಬಹುದು. ಉಳಿದ ತಗಡನ್ನು ಕಲಸಲಾಗದು. ಅದು ಮೋಡಕದ ವ್ಯಾಪಾರಿಗೆ ತೂಕದ ಲೆಕ್ಕದಲ್ಲಿ ಹೋಗಬೇಕು. ಆದುದರಿಂದ ತಗಡಿನ ಮೇಲೆ ಬಿಲ್ಲೆಗಳನ್ನು ಹೇಗೆ ಒತ್ತಾಗಿ ಜೋಡಿಸಬೇಕೆಂಬುದೇ ಕಾರ್ಖಾನೆಯ ಲಾಭದ ಮೊದಲ ಪಾಠ.

ಇನ್ನೊಂದು ವ್ಯತ್ಯಾಸ ಬಲದ್ದು. ಬಿಲ್ಲೆಯ ಸುತ್ತಳತೆಯನ್ನು ತಗಡಿನ ದಪ್ಪದಿಂದ ಗುಣಿಸಿ, ಆ ಲೋಹವು ಕತ್ತರಿಸಲ್ಪಡುವುದಕ್ಕೆ ಒಡ್ಡುವ ಪ್ರತಿರೋಧದಿಂದ ಮತ್ತೆ ಗುಣಿಸಿದರೆ ಬೇಕಾಗುವ ಬಲ ದೊರೆಯುತ್ತದೆ. ರೂಪಾಯಿಯಷ್ಟು ಅಗಲದ ಬಿಲ್ಲೆಯನ್ನು ಒಂದು ಮಿಲಿಮೀಟರು ದಪ್ಪದ ಮೆದು ಉಕ್ಕಿನಿಂದ ಕತ್ತರಿಸಲು ಸುಮಾರು ಎರಡೂವರೆ ಟನ್ನು ಬಲ ಬೇಕು. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮೂಳೆಗೆ ಇದರ ಅಲ್ಪಾಂಶವೂ ಬೇಕಾಗುವುದಿಲ್ಲ.

ಪಂಚಿಗೂ ಡೈಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕಾಗುತ್ತದೆ. ವಾಡಿಕೆಯ ಕೆಲಸದಲ್ಲಿ ಇದು ಒಂದೊಂದು ಪಕ್ಕಕ್ಕೆ ತಗಡಿನ ದಪ್ಪದ ನೂರಕ್ಕೆ 5ರಿಂದ 10 ಪಾಲು. ಅರ್ಧ ಮಿಲಿಮೀಟರಿನ ತಗಡಿಗೆ ನೂರಕ್ಕೆ 5ರಂತೆ ಬಿಟ್ಟರೆ 0.025 ಮಿಲಿಮೀಟರು, ಇದು ಕೂದಲಿಗಿಂತಲೂ ಕಿರಿದು. ಸಂದು ಹೆಚ್ಚಾದರೂ, ಅಚ್ಚು ಸವೆದು ಮೊಂಡಾದರೂ ಬಿಲ್ಲೆಯ ಅಂಚಿನಲ್ಲಿ ಚೂಪಾದ ಬರ್ ಏಳುತ್ತದೆ. ಪಂಖದ ಮೋಟಾರಿನಲ್ಲಿ ತೆಳುವಾದ ಉಕ್ಕಿನ ಪದರಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಅವು ವಿದ್ಯುತ್ತಿನ ದೃಷ್ಟಿಯಿಂದ ಒಂದನ್ನೊಂದು ತಾಗಬಾರದು. ಬರ್ ಎದ್ದ ಪದರ ತನ್ನ ನೆರೆಯದನ್ನು ಚುಚ್ಚಿದರೆ ಸುಳಿವಿದ್ಯುತ್ ಹರಿದು ಮೋಟಾರು ಬಿಸಿಯಾಗುತ್ತದೆ. ನಿಖರತೆಯೆಂಬುದು ಬರಿಯ ಅಂದದ ಮಾತಲ್ಲ.

ಬಿಡಿ ಅಚ್ಚಿನಿಂದ ಸಾಲು ಅಚ್ಚಿನವರೆಗೆ

ವಿಧಾನಗಳಲ್ಲಿ ಅತ್ಯಂತ ಸರಳವಾದುದು ಬಿಡಿ ಅಚ್ಚುಗಳ ವಿಧಾನ. ಒಂದು ಭಾಗಕ್ಕೆ ಐದು ಕ್ರಿಯೆಗಳು ಬೇಕೆಂದಿಟ್ಟುಕೊಂಡರೆ (ಬಿಲ್ಲೆ ಕತ್ತರಿಸುವುದು, ಎರಡು ಸಲ ತೂತು ಕೊರೆಯುವುದು, ಎರಡು ಸಲ ಬಾಗಿಸುವುದು) ಐದು ಚಿಕ್ಕ ಅಚ್ಚುಗಳನ್ನು ಮಾಡಿಸುತ್ತಾರೆ. ಕೆಲಸಗಾರನು ಬಿಲ್ಲೆಯನ್ನು ಕೈಯಿಂದ ಅಚ್ಚಿನೊಳಗಿಟ್ಟು, ಯಂತ್ರವನ್ನು ಚಾಲಿಸಿ, ಕೈಯಿಂದಲೇ ಹೊರತೆಗೆಯುತ್ತಾನೆ. ಅಚ್ಚು ಅಗ್ಗ, ಯಂತ್ರವೂ ಚಿಕ್ಕದು. ಸಾಲ ಸುಲಭವಾಗಿ ಮಂಜೂರಾಗುತ್ತದೆ. ಪ್ರತಿಯೊಂದು ಸಲವೂ ಬಿಲ್ಲೆಯನ್ನು ಹೊಸದಾಗಿ ಕೂರಿಸಬೇಕಾದುದರಿಂದ ಒಂದೊಂದು ಹಂತದಲ್ಲೂ ಅಳತೆ ಸ್ವಲ್ಪ ಸ್ವಲ್ಪ ಜಾರುತ್ತ ಹೋಗುವುದು ಇದರ ಸಹಜ ದೋಷ.

ಸಂಯುಕ್ತ ಅಚ್ಚಿನಲ್ಲಿ ಒಳತೂತು ಮತ್ತು ಹೊರಸುತ್ತು ಒಂದೇ ಏಟಿಗೆ ಕತ್ತರಿಸಲ್ಪಡುತ್ತವೆ. ಎರಡರ ಕೇಂದ್ರವೂ ಒಂದೇ ಆಗಿರಬೇಕಾದ ವಾಷರಿನಂಥ ಚಪ್ಪಟೆ ಭಾಗಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬಾಗಿಸುವ ಕೆಲಸಕ್ಕೆ ಮಾತ್ರ ಬಾರದು.

ಸಾಲು ಅಚ್ಚು, ಅಂದರೆ ಕಾರ್ಖಾನೆಯವರು ಪ್ರೋಗ್ರೆಸಿವ್ ಡೈ ಎಂದು ಕರೆಯುವುದು, ಬೇರೆಯೇ ಜಾತಿಯದು. ಇಲ್ಲಿ ಸುರುಳಿಯಿಂದ ಬಿಚ್ಚಿಕೊಳ್ಳುವ ತಗಡಿನ ಪಟ್ಟಿ ಅಚ್ಚಿನ ಒಂದು ತುದಿಯಿಂದ ತಾನಾಗಿ ಒಳಹೊಕ್ಕು, ಪ್ರತಿ ಏಟಿಗೂ ಒಂದು ಹೆಜ್ಜೆ ಮುಂದುವರಿಯುತ್ತದೆ. ಮೊದಲ ನಿಲ್ದಾಣದಲ್ಲಿ ಮಾರ್ಗದರ್ಶಕ ತೂತು ಬೀಳುತ್ತದೆ. ಮುಂದಿನ ನಿಲ್ದಾಣಗಳಲ್ಲಿ ಮೊನಚಾದ ಕಡ್ಡಿಗಳು ಆ ತೂತಿನೊಳಗೆ ಇಳಿದು ಪಟ್ಟಿಯನ್ನು ಸರಿಯಾದ ಜಾಗಕ್ಕೆ ಎಳೆದು ನಿಲ್ಲಿಸುತ್ತವೆ. ರೈಲಿನಂತೆ ನಿಲ್ದಾಣದಿಂದ ನಿಲ್ದಾಣಕ್ಕೆ ಸಾಗಿದ ಭಾಗ ಕಟ್ಟಕಡೆಗೆ ಪಟ್ಟಿಯಿಂದ ಬೇರ್ಪಟ್ಟು ಬುಟ್ಟಿಗೆ ಬೀಳುತ್ತದೆ. ವಿದ್ಯುತ್ ಜೋಡಣೆಯ ಪುಟ್ಟ ಟರ್ಮಿನಲ್ಲುಗಳನ್ನು ಈ ವಿಧಾನದಲ್ಲಿ ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ತಯಾರಿಸುವ ಯಂತ್ರಗಳಿವೆ. ಭಾಗಗಳನ್ನು ಹೊತ್ತೊಯ್ಯುವ ಪಟ್ಟಿಯ ಅಂಚು ಕೊನೆಗೆ ಮೋಡಕವಾಗುವುದು ಇಲ್ಲಿಯ ನಷ್ಟ. ಜೊತೆಗೆ ಅಚ್ಚು ದುಬಾರಿ, ಅದನ್ನು ರಚಿಸುವ ಕುಶಲಿಗಳು ಕಡಿಮೆ. ಇಂಥ ಕುಶಲಿಗಳನ್ನು ತಯಾರುಮಾಡಲೆಂದೇ ಹೈದರಾಬಾದಿನಲ್ಲಿ 1968ರಲ್ಲಿ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯೂ, ಬೆಂಗಳೂರಿನಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನೊಡನೆ ಸರಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರವೂ ಆರಂಭವಾದವು.

ಆಳವಾದ ಬಟ್ಟಲಿನಂಥ ಭಾಗಗಳಿಗೆ ವರ್ಗಾವಣೆ ವಿಧಾನ ಒಗ್ಗುತ್ತದೆ. ಇದರಲ್ಲಿ ಬಿಲ್ಲೆಯನ್ನು ಮೊದಲೇ ಬೇರ್ಪಡಿಸಿ, ಯಂತ್ರದ ಉಕ್ಕಿನ ಬೆರಳುಗಳೇ ಅದನ್ನು ಒಂದು ಅಚ್ಚಿನಿಂದ ಮತ್ತೊಂದಕ್ಕೆ ದಾಟಿಸುತ್ತವೆ. ಬಟ್ಟಲನ್ನು ಒಂದೇ ಎಳೆತಕ್ಕೆ ಬೇಕಾದಷ್ಟು ಆಳಮಾಡಲಾಗದು. ಬಿಲ್ಲೆಯ ವ್ಯಾಸವು ಬಟ್ಟಲಿನ ವ್ಯಾಸದ ಸುಮಾರು ಎರಡರಷ್ಟನ್ನು ಮೀರಿದರೆ ತಳ ಹರಿಯುತ್ತದೆ. ಹೀಗಾಗಿ ಎರಡು ಮೂರು ಎಳೆತಗಳು ಅನಿವಾರ್ಯ. ತಂತಿಯ ಕ್ಲಿಪ್ಪು, ಸ್ಪ್ರಿಂಗುಗಳಿಗೆ ನಾಲ್ಕು ದಿಕ್ಕಿನಿಂದಲೂ ಒತ್ತುವ ಯಂತ್ರಗಳು ಬೇರೆ ಇವೆ.

ಟಂಕನವೆಂಬುದು, ಅಂದರೆ ನಾಣ್ಯದ ಮೇಲಿನ ಮುದ್ರೆ ಒತ್ತುವುದು, ಇವೆಲ್ಲಕ್ಕಿಂತ ಪ್ರಾಚೀನ. ಸುತ್ತಲೂ ಉಕ್ಕಿನ ಬಳೆ ತೊಡಿಸಿ, ಮೇಲಿಂದಲೂ ಕೆಳಗಿನಿಂದಲೂ ಏಕಕಾಲಕ್ಕೆ ಒತ್ತಿದಾಗ ಲೋಹಕ್ಕೆ ಓಡಿಹೋಗಲು ಎಡೆಯೇ ಇಲ್ಲದೆ ಅಚ್ಚಿನ ಗೆರೆಗೆರೆಯನ್ನೂ ಹೊಕ್ಕು ತುಂಬುತ್ತದೆ. ಹತ್ತು ರೂಪಾಯಿಯ ಎರಡು ಲೋಹದ ನಾಣ್ಯದಲ್ಲಿ ಹೊರಬಳೆ ಮತ್ತು ಒಳಬಿಲ್ಲೆ ಒಂದಕ್ಕೊಂದು ಬೆಸೆದುಕೊಳ್ಳುವುದೂ ಈ ಮುದ್ರೆಯ ಏಟಿನಲ್ಲೇ, ಅಂಟಿಲ್ಲ, ಬೆಸುಗೆಯಿಲ್ಲ.

ನಿಖರತೆಯ ದೃಷ್ಟಿಯಿಂದ ಪ್ರತ್ಯೇಕ ಗಮನಕ್ಕೆ ಅರ್ಹವಾದುದು ಫೈನ್ ಬ್ಲ್ಯಾಂಕಿಂಗ್. ವಾಡಿಕೆಯ ವಿಧಾನದಲ್ಲಿ ಕತ್ತರಿಸಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೇಲಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ನುಣುಪಾಗಿದ್ದು ಉಳಿದದ್ದು ಹರಿದಂತೆ ಒರಟಾಗಿರುತ್ತದೆ. ಫ್ರಿಟ್ಜ್ ಶೀಸ್ ಎಂಬಾತ 1923ರಲ್ಲಿ ಪೇಟೆಂಟು ಪಡೆದ ಉಪಾಯದಲ್ಲಿ ಪಂಚಿನ ಸುತ್ತಲೂ ಚೂಪಾದ ಏಣಿನ ಉಂಗುರವೊಂದು ತಗಡನ್ನು ಕಚ್ಚಿ ಹಿಡಿಯುತ್ತದೆ. ಕೆಳಗಿನಿಂದ ಮತ್ತೊಂದು ಬಲ ಬಿಲ್ಲೆಯನ್ನು ಎದುರೊತ್ತುತ್ತದೆ. ಸಂದು ತಗಡಿನ ದಪ್ಪದ ನೂರಕ್ಕೆ ಅರ್ಧ ಪಾಲಿಗೆ ಇಳಿಯುತ್ತದೆ. ಹೀಗೆ ಮೂರು ಬಲಗಳ ನಡುವೆ ಸಿಕ್ಕ ಲೋಹ ಹರಿಯದೆ, ಬೆಣ್ಣೆಯಂತೆ ಅಡಿಮುಡಿ ನುಣುಪಾಗಿ ಕತ್ತರಿಸಲ್ಪಡುತ್ತದೆ. ಸೀಟುಪಟ್ಟಿಯ ಕೊಂಡಿ, ಆಸನ ಹಿಂದೊರಗಿಸುವ ಹಲ್ಲುಚಕ್ರ ಮೊದಲಾದವನ್ನು ಇದರಿಂದ ತಯಾರಿಸಿದರೆ ಆಮೇಲೆ ಅರೆದು ಉಜ್ಜಿ ಸರಿಪಡಿಸುವ ಕೆಲಸವಿಲ್ಲ. ಯಂತ್ರ ನಿಧಾನ, ಬೆಲೆ ಹೆಚ್ಚು. ಆದರೆ ಉಜ್ಜುವ ಖರ್ಚನ್ನು ಎದುರಿಗಿಟ್ಟು ನೋಡಿದಾಗ ಎಷ್ಟೋ ವೇಳೆ ಇದೇ ಅಗ್ಗವೆಂದು ತಿಳಿಯುತ್ತದೆ.

ಖಾತೆ ಪುಸ್ತಕ ಹೇಳುವುದು

ಇನ್ನು ಹಣದ ಮಾತು. ಇಲ್ಲಿ ಕೊಡುವ ಅಂಕಿಗಳು ಕೇವಲ ಉದಾಹರಣೆಗಾಗಿ ಕಲ್ಪಿಸಿದವು; ಲೆಕ್ಕದ ರೀತಿಯಷ್ಟೇ ಮುಖ್ಯ. ಮೇಲೆ ಹೇಳಿದ ಐದು ಕ್ರಿಯೆಗಳ ಭಾಗಕ್ಕೆ ಬಿಡಿ ಅಚ್ಚುಗಳಿಗೆ 3 ಲಕ್ಷ ರೂಪಾಯಿ, ಒತ್ತುವ ಕೂಲಿ ಭಾಗವೊಂದಕ್ಕೆ 2.50 ರೂಪಾಯಿ ಎಂದಿರಲಿ. ಸಾಲು ಅಚ್ಚಿಗೆ 14 ಲಕ್ಷ, ಆದರೆ ಒತ್ತುವ ವೆಚ್ಚ ಭಾಗಕ್ಕೆ 30 ಪೈಸೆ. ಅಚ್ಚಿನ ಬೆಲೆಯಲ್ಲಿ ವ್ಯತ್ಯಾಸ 11 ಲಕ್ಷ. ಭಾಗದ ಮೇಲಿನ ಉಳಿತಾಯ 2.20 ರೂಪಾಯಿ. ಭಾಗಿಸಿದರೆ 5 ಲಕ್ಷ ಭಾಗಗಳು. ಅದಕ್ಕಿಂತ ಕಡಿಮೆ ಬೇಡಿಕೆಯಿದ್ದರೆ ಬಿಡಿ ಅಚ್ಚು ಲಾಭ, ಹೆಚ್ಚಿದ್ದರೆ ಸಾಲು ಅಚ್ಚು ಲಾಭ. ಲೇಸರ್ ಕಿರಣದಿಂದ ಕತ್ತರಿಸಿ ಬಾಗಿಸಿದರೆ ಅಚ್ಚೇ ಬೇಡ, ಆದರೆ ಭಾಗಕ್ಕೆ 12 ರೂಪಾಯಿ ಬೀಳುತ್ತದೆ ಎಂದರೆ, ಸುಮಾರು 31,600 ಭಾಗಗಳವರೆಗೆ ಅದೇ ಮೇಲು.

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗೆ ಇದು ಸಮತೋಲ ಬಿಂದುವಿನ ಸಾಧಾರಣ ಲೆಕ್ಕ. ಸಣ್ಣ ಉದ್ಯಮಿಯ ಕಷ್ಟವೂ ಇದರಲ್ಲೇ ಕಾಣುತ್ತದೆ. ದೊಡ್ಡ ಕಂಪನಿಯ ಬೇಡಿಕೆ ಈ ವರ್ಷ 5 ಲಕ್ಷ, ಮುಂದಿನ ವರ್ಷ ಎಷ್ಟೆಂಬುದು ಅವನಿಗೆ ತಿಳಿಯದು. ವಾಹನದ ಮಾದರಿ ಬದಲಾದರೆ 14 ಲಕ್ಷದ ಅಚ್ಚು ಒಂದೇ ದಿನದಲ್ಲಿ ಹಳೆಯ ಕಬ್ಬಿಣವಾದೀತು. ಹಾಗಾಗಿ ಅವನು ಬಿಡಿ ಅಚ್ಚನ್ನೇ ಆರಿಸಿ, ಬೇಡಿಕೆ ಏರಿದರೂ ಅದರಲ್ಲೇ ಕೆಲಸ ಸಾಗಿಸುತ್ತಾನೆ. ಅವನ ಅಂಜಿಕೆ ಅಕಾರಣವಾದುದಲ್ಲ.

ಆದರೆ ಅದೇ ಲೆಕ್ಕದ ಇನ್ನೊಂದು ಕಾಲಂ ತುಂಬಬೇಕಾದುದಿದೆ. 5 ಲಕ್ಷ ಭಾಗಗಳು, ಒಂದೊಂದಕ್ಕೆ ಐದು ಕ್ರಿಯೆಗಳು: ಒಟ್ಟು 25 ಲಕ್ಷ ಸಲ ಮನುಷ್ಯನ ಕೈ ಪಂಚಿಗೂ ಡೈಗೂ ನಡುವೆ ಹೋಗಿ ಹಿಂದೆ ಬರಬೇಕು. ನಿಮಿಷಕ್ಕೆ ಹತ್ತು ಏಟಿನಂತೆ ಎಂಟು ಗಂಟೆಯ ಪಾಳಿಯಲ್ಲಿ ಒಬ್ಬನೇ ಕೆಲಸಗಾರನು 4,800 ಸಲ ಕೈಯಿಡುತ್ತಾನೆ. 4,799 ಸಲ ಸರಿಯಾಗಿ ಹಿಂದೆ ಬಂದ ಕೈ ಒಂದು ಸಲ ತಡವಾದರೆ ಸಾಕು. ತುಂಡುಗೂಲಿ, ಹನ್ನೆರಡು ಗಂಟೆಯ ಪಾಳಿ, ನಿದ್ದೆಗೆಟ್ಟ ರಾತ್ರಿ, ಇವು ಸೇರಿದಾಗ ಆ ಒಂದು ಸಲ ಬೇಗನೆ ಬರುತ್ತದೆ. ಸಾಲು ಅಚ್ಚಿನಲ್ಲಿಯಾದರೋ ಕೈಗೆ ಅಲ್ಲಿ ಕೆಲಸವೇ ಇಲ್ಲ. ಪಟ್ಟಿ ತಾನಾಗಿ ಹೋಗುತ್ತದೆ, ಮುಂದೆ ಬೇಲಿ ಹಾಕಿ ಮುಚ್ಚಬಹುದು. ಎರಡು ವಿಧಾನಗಳ ನಡುವಣ ನಿಜವಾದ ಅಂತರ 11 ಲಕ್ಷ ರೂಪಾಯಿಯದಲ್ಲ, ಈ 25 ಲಕ್ಷ ಸಲದ್ದು.

ದೆಹಲಿಯ ಸುತ್ತಣ ಗುಡಗಾಂವ್, ಮಾನೇಸರ್, ಫರೀದಾಬಾದ್‌ಗಳ ವಾಹನಭಾಗ ಕಾರ್ಖಾನೆಗಳಲ್ಲಿ ಗಾಯಗೊಂಡವರಿಗೆ ನೆರವಾಗುವ ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ 2019ರಿಂದ ಕ್ರಷ್ಡ್ ಎಂಬ ಹೆಸರಿನ ವರದಿಗಳನ್ನು ಪ್ರಕಟಿಸಿದೆ. ಬೆರಳು ಕಳೆದುಕೊಂಡವರೇ ಹೆಚ್ಚು, ಮತ್ತು ಅದಕ್ಕೆ ಕಾರಣವಾದ ಯಂತ್ರಗಳಲ್ಲಿ ಪವರ್ ಪ್ರೆಸ್ಸಿಗೇ ಅಗ್ರಸ್ಥಾನ ಎಂಬುದು ಆ ವರದಿಗಳ ಸಾರ.

ಕಾನೂನು ಬೆರಳಿಗೂ ಬೆಲೆ ಕಟ್ಟಿದೆ. ಶೀಸ್‌ನ ಪೇಟೆಂಟಿನ ವರ್ಷವಾದ 1923ರಲ್ಲೇ ಭಾರತದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂದುದು ಒಂದು ಕಾಕತಾಳೀಯ. ಮುಂದೆ ತಿದ್ದುಪಡಿಗೊಂಡ ಅದರ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ನೂರಕ್ಕೆ 30, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರಬೆರಳಿಗೋ ಕಿರುಬೆರಳಿಗೋ 7, ಒಂದೇ ಕೈಯ ನಾಲ್ಕು ಬೆರಳುಗಳೂ ಹೋದರೆ 50 ಪಾಲು ನಷ್ಟ ಎಂದು ಗೊತ್ತುಮಾಡಲಾಯಿತು. ಸವಕಳಿಯ ದರಪಟ್ಟಿಯನ್ನು ಓದಿ ಅಭ್ಯಾಸವಿರುವವರಿಗೂ ಈ ಪಟ್ಟಿಯನ್ನು ಸಮಚಿತ್ತದಿಂದ ಓದುವುದು ಕಷ್ಟ.

ರಕ್ಷಣೆಯ ಉಪಾಯಗಳು

ಎಲ್ಲ ಕಾರ್ಖಾನೆಗಳೂ ನಾಳೆಯೇ ಸಾಲು ಅಚ್ಚಿಗೆ ಬದಲಾಗಲಾರವು. ಬಿಡಿ ಅಚ್ಚಿನಲ್ಲೇ ಕೈಯನ್ನು ಕಾಪಾಡುವ ಮಾರ್ಗಗಳಿವೆ. ಇಲ್ಲಿ ಯಂತ್ರದ ಕ್ಲಚ್ ಯಾವ ಜಾತಿಯದೆಂಬುದೇ ಮುಖ್ಯ ಪ್ರಶ್ನೆ. ಹಳೆಯ ಮಾದರಿಯ ಪಿನ್ ಕ್ಲಚ್ ಒಮ್ಮೆ ಕಚ್ಚಿಕೊಂಡರೆ ಗಾಲಿಯ ಒಂದು ಸುತ್ತು ಮುಗಿಯುವವರೆಗೆ ಬ್ರಹ್ಮನೂ ನಿಲ್ಲಿಸಲಾರ. ಅದರ ಸ್ಪ್ರಿಂಗು ಮುರಿದರೆ ಯಾರೂ ಒತ್ತದೆಯೇ ಎರಡನೆಯ ಏಟು ಬೀಳುವುದೂ ಉಂಟು. ಗಾಳಿಯ ಒತ್ತಡದಿಂದ ನಡೆಯುವ ಘರ್ಷಣ ಕ್ಲಚ್ಚನ್ನಾದರೆ ನಡುದಾರಿಯಲ್ಲೇ ತಡೆಯಬಹುದು. ಬೆಳಕಿನ ಪರದೆಯೆಂಬ ಸಾಧನ, ಕೈ ಅಡ್ಡಬಂದೊಡನೆ ಯಂತ್ರವನ್ನು ನಿಲ್ಲಿಸುವಂಥದು, ಈ ಎರಡನೆಯ ಜಾತಿಯ ಯಂತ್ರಕ್ಕೆ ಮಾತ್ರ ಉಪಯುಕ್ತ. ಪಿನ್ ಕ್ಲಚ್ಚಿನ ಯಂತ್ರಕ್ಕೆ ಅದನ್ನು ತಗುಲಿಸಿ ಸುರಕ್ಷಿತವೆಂದು ಬರೆದುಕೊಳ್ಳುವುದು ಆತ್ಮವಂಚನೆ. ಅಂಥದಕ್ಕೆ ಗಟ್ಟಿಯಾದ ಜಾಲರಿಯ ಬೇಲಿಯೇ ಬೇಕು.

ಪರದೆಯನ್ನು ಎಷ್ಟು ದೂರದಲ್ಲಿಡಬೇಕೆಂಬುದಕ್ಕೂ ಲೆಕ್ಕವಿದೆ. ಕೈಯ ವೇಗವನ್ನು ಸೆಕೆಂಡಿಗೆ 1.6 ಮೀಟರೆಂದು ಹಿಡಿದರೆ, ನಿಲ್ಲಲು ಸೆಕೆಂಡಿನ ಐದನೆಯ ಒಂದು ಭಾಗ ತೆಗೆದುಕೊಳ್ಳುವ ಯಂತ್ರದಲ್ಲಿ ಅಷ್ಟರೊಳಗೆ ಕೈ 32 ಸೆಂಟಿಮೀಟರು ಸಾಗಿರುತ್ತದೆ. ಪರದೆ ಅದಕ್ಕಿಂತ ಆಚೆ ಇರಬೇಕು. ಎರಡು ಕೈಗಳಿಂದಲೂ ಏಕಕಾಲಕ್ಕೆ ಗುಂಡಿ ಒತ್ತಿದರಷ್ಟೇ ಚಲಿಸುವ ಏರ್ಪಾಡೂ ಒಳ್ಳೆಯದೇ, ಒಂದು ಗುಂಡಿಯನ್ನು ಟೇಪು ಸುತ್ತಿ ಸದಾಕಾಲ ಅದುಮಿಡುವ ಜಾಣತನ ಅಲ್ಲಿ ಇಲ್ಲದಿದ್ದರೆ. ಕಾಲಿನ ಪೆಡಲು ಎರಡೂ ಕೈಗಳನ್ನು ಬಿಡುವಾಗಿಡುತ್ತದೆ, ಅಪಾಯವೂ ಅದರಲ್ಲೇ. ಬಿಲ್ಲೆಯನ್ನು ಚಿಮಟದಿಂದಲೋ ಆಯಸ್ಕಾಂತದ ಕಡ್ಡಿಯಿಂದಲೋ ಇಡುವ ಅಭ್ಯಾಸಕ್ಕೆ ಖರ್ಚು ಬಹಳ ಕಡಿಮೆ. ಅಪಾಯಕಾರಿ ಯಂತ್ರಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೆಯ ಕಲಮು ಆಗಲೇ ವಿಧಿಸಿತ್ತು.

ಸದ್ದಿನ ವಿಷಯವನ್ನೂ ಇಲ್ಲಿ ಹೇಳಬೇಕು. ಒತ್ತುಯಂತ್ರಗಳ ಅಂಗಳದಲ್ಲಿ ಶಬ್ದ 90 ಡೆಸಿಬೆಲ್ ದಾಟುವುದು ಸಾಮಾನ್ಯ. ಕಿವುಡುತನ ನೋವಿಲ್ಲದೆ, ವರ್ಷಗಳ ಮೇಲೆ ಬರುತ್ತದೆ. ಮೊದಲು ಹೋಗುವುದು ತಾರಸ್ಥಾಯಿಯ ಧ್ವನಿಗಳು. ಕಿವಿಗೆ ರಬ್ಬರಿನ ಬಿರಡೆ ಇಟ್ಟುಕೊಳ್ಳಲು ನಾಚಬೇಕಾಗಿಲ್ಲ.

ಅನಾಹುತ ನಡೆದೇಹೋದರೆ

ಬೆರಳು ತುಂಡಾದಾಗ ಮೊದಲು ಮಾಡಬೇಕಾದುದು ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಗಟ್ಟಿಯಾಗಿ ಒತ್ತಿ ಕೈಯನ್ನು ಮೇಲೆತ್ತಿ ಹಿಡಿಯುವುದು. ಅನಂತರ ಯಂತ್ರವನ್ನು ನಿಲ್ಲಿಸಿ ತುಂಡಾದ ಭಾಗವನ್ನು ಹುಡುಕಬೇಕು. ಅದನ್ನು ಒದ್ದೆಮಾಡಿ ಹಿಂಡಿದ ಶುಭ್ರ ಗಾಜು ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ನೀರು ಹೋಗದಂತೆ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಬೇಕು. ಬೆರಳನ್ನು ನೇರವಾಗಿ ಮಂಜುಗಡ್ಡೆಯ ಮೇಲಿಡುವುದು ದೊಡ್ಡ ತಪ್ಪು. ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ನೀರಿನಲ್ಲಿ ನೆನೆಹಾಕುವುದೂ ಕೂಡದು. ಅರಿಸಿನ, ಕಾಫಿಪುಡಿಗಳನ್ನು ಗಾಯಕ್ಕೆ ಮೆತ್ತಬಾರದು. ತಂಪಾಗಿಟ್ಟ ಬೆರಳನ್ನು ಮರುಜೋಡಿಸಲು ಶಸ್ತ್ರವೈದ್ಯರಿಗೆ ಹಲವು ಗಂಟೆಗಳ ಅವಕಾಶವಿರುತ್ತದೆ. ಆದರೂ ಬೇಗ ತಲಪಿದಷ್ಟು ಒಳ್ಳೆಯದು. ಒತ್ತುಯಂತ್ರದ ಗಾಯ ಕತ್ತಿಯ ಗಾಯದಂತಲ್ಲ, ಎಷ್ಟೋ ಸಲ ಬೆರಳು ಜಜ್ಜಿಹೋಗಿ ಮರುಜೋಡಣೆ ಸಾಧ್ಯವಾಗದು. ಸಾಧ್ಯವೇ ಅಲ್ಲವೇ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಬೆರಳನ್ನು ಮಾತ್ರ ಎಸೆಯದೆ ಜೊತೆಗೆ ಕೊಂಡೊಯ್ಯಬೇಕು.

ನೌಕರರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟ ಕೆಲಸಗಾರನಿಗೆ ಕೆಲಸದ ಅಪಘಾತದಲ್ಲಿ ದೊರೆಯುವ ಸೌಲಭ್ಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ನಿಬಂಧನೆಯಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಅವನು ಅರ್ಹ. ಗುಣವಾಗುವವರೆಗೆ ವೇತನದ ನೂರಕ್ಕೆ 90ರ ದರದಲ್ಲಿ ಭತ್ಯ, ಅಂಗಹೀನತೆ ಶಾಶ್ವತವಾದರೆ ವೈದ್ಯಕೀಯ ಮಂಡಳಿ ನಿರ್ಧರಿಸಿದ ಪ್ರಮಾಣದಲ್ಲಿ ಜೀವನಪರ್ಯಂತ ಮಾಸಿಕ ಹಣ. ಆದರೆ ಗಾಯಗೊಂಡ ಎಷ್ಟೋ ಮಂದಿಗೆ ವಿಮೆಯ ಗುರುತಿನ ಚೀಟಿ ಮೊದಲ ಬಾರಿಗೆ ಕೈಸೇರುವುದು ಅಪಘಾತವಾದ ಮೇಲೆ ಎಂಬುದನ್ನೂ ಮೇಲೆ ಹೇಳಿದ ವರದಿಗಳು ಎತ್ತಿಹೇಳಿವೆ. ಊರಿನಿಂದ ಹೊಸದಾಗಿ ಬಂದು ಕಾರ್ಖಾನೆ ಸೇರಿದ ಹುಡುಗನ ಬಳಿ ಆ ಚೀಟಿ ಇದೆಯೇ, ಅದರಲ್ಲಿ ಅವನ ಹೆಸರು ಮತ್ತು ಸೇರಿದ ತಾರೀಖು ಸರಿಯಾಗಿವೆಯೇ ಎಂಬುದನ್ನು ನೋಡಿಕೊಳ್ಳುವುದು ಅವನನ್ನು ಕೆಲಸಕ್ಕೆ ಸೇರಿಸಿದ ಬಂಧುವಿಗೋ ಸಂಘದ ಹಿರಿಯರಿಗೋ ಅರ್ಧ ಗಂಟೆಯ ಕೆಲಸ.